ಮೆಟ್ಟಿಲಕ್ಕನ ಬೆಳಗಿನ ಬಳಗ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದ ಸಿಮೆಂಟು ಮೆಟ್ಟಿಲುಗಳ ಬುಡದಲ್ಲಿ ನಿವೃತ್ತ ಬಸ್ ಕಂಡಕ್ಟರೊಬ್ಬರು ನಿಂತಿದ್ದಾರೆ. ಲಕ್ವ ಹೊಡೆದು ಅವರ ಬಲಭಾಗ ಸೋತಿದೆ. ನಾಳೆ ಅವರನ್ನು ಮನೆಗೆ ಕಳಿಸುತ್ತಾರೆ. ಮನೆ ಇರುವುದು ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಎಡಗೈ ಕಂಬಿಯನ್ನು ಭದ್ರವಾಗಿ ಹಿಡಿದಿದೆ, ಕಣ್ಣು ಮೊದಲ ಮೆಟ್ಟಿಲಿನಲ್ಲಿ ನೆಟ್ಟಿದೆ. ಅವರ ಬಲಗಡೆ, ಒಂದು ಹೆಜ್ಜೆ ಹಿಂದೆ, ಈಚೆಗಷ್ಟೇ ಕೆಲಸಕ್ಕೆ ಸೇರಿದ ಫಿಸಿಯೋಥೆರಪಿಸ್ಟ್ ತರುಣ ಅವರ ಸೊಂಟದ ಬೆಲ್ಟ್ ಹಿಡಿದು ನಿಂತಿದ್ದಾನೆ. ಇಬ್ಬರಲ್ಲಿ ಯಾರಿಗೆ ಹೆಚ್ಚು ಭಯ ಎಂದು ಹೇಳುವುದು ಕಷ್ಟ.

"ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಅಷ್ಟು ನೆನಪಿಟ್ಕೊಂಡ್ರೆ ಸಾಕು, ಯಜಮಾನ್ರೇ," ಎನ್ನುತ್ತಾರೆ ಪಕ್ಕದಲ್ಲಿ ನಿಂತ ಹೆಂಗಸು. ತಲೆ ಅರ್ಧ ನರೆತಿದೆ. ಮಾಸಿದ ಬಿಳಿ ಕೋಟು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಾರೆ.

"ಹತ್ತಿ ಹತ್ತಿ, ಒಳಗೆ ಹೋಗಿ ಅಂತ ಜೀವಮಾನವೆಲ್ಲ ಜನಕ್ಕೆ ಕೂಗಿದೋನು ನಾನು. ಈಗ ನನಗೇ ಕೂಗಿಸ್ಕೊಳ್ಳೋ ಕಾಲ ಬಂತು ನೋಡಿ," ಎನ್ನುತ್ತಾರೆ ಕಂಡಕ್ಟರು. ಮಾತು ಸ್ವಲ್ಪ ತೊದಲುತ್ತದೆ, ತಮಾಷೆ ಮಾತ್ರ ಎಲ್ಲೂ ತೊದಲುವುದಿಲ್ಲ.

ಎಡಗಾಲು ಏಳುತ್ತದೆ, ಮೆಟ್ಟಿಲ ಮೇಲೆ ಊರುತ್ತದೆ. ಬಲಗಾಲು ಎಳೆದುಕೊಂಡು ಬಂದು ಪಕ್ಕದಲ್ಲಿ ಸೇರುತ್ತದೆ. ನಡುವೆ ಒಮ್ಮೆ ದೇಹ ಓಲಾಡುತ್ತದೆ. ಹೆಂಗಸಿನ ಕೈಗಳು ಬೆನ್ನ ಹಿಂದಿನಿಂದ ಬಿಚ್ಚಿಕೊಂಡು ಅರ್ಧ ದಾರಿ ಬಂದು, ಮತ್ತೆ ಹಿಂದಕ್ಕೆ ಹೋಗುತ್ತವೆ. ಬೆಲ್ಟ್ ಹಿಡಿದ ತರುಣ ಆಗಲೇ ಸಂಭಾಳಿಸಿದ್ದಾನೆ.

ಮೇಲಿನ ಮೆಟ್ಟಿಲುಗಳ ಅಂಚಿನಲ್ಲಿ ಗೋಡೆಗೆ ಒರಗಿ ಏಳೆಂಟು ಮಂದಿ ಕೂತು ಇದನ್ನೆಲ್ಲ ನೋಡುತ್ತಿದ್ದಾರೆ. ಯಾರೂ ಈ ಆಸ್ಪತ್ರೆಯವರಲ್ಲ. ಒಬ್ಬಳು ಮಕ್ಕಳಿಗೆ ಮಾತು ಕಲಿಸುವ ಸ್ಪೀಚ್ ಥೆರಪಿಸ್ಟ್. ಒಬ್ಬ ಕೃತಕ ಕಾಲು ತಯಾರಿಸುವ ಕೇಂದ್ರದವನು. ಇನ್ನೊಬ್ಬಳು, ಕೈ ಸೋತವರಿಗೆ ಗುಂಡಿ ಹಾಕಿಕೊಳ್ಳುವುದು, ತಲೆ ಬಾಚಿಕೊಳ್ಳುವುದು ಮತ್ತೆ ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್. ಎಲ್ಲರೂ ಓದು ಮುಗಿಸಿ ಒಂದೆರಡು ವರ್ಷ ಆದವರು. ತಮ್ಮ ತಮ್ಮ ಡ್ಯೂಟಿಗೆ ಮುಂಚೆ ಮೊದಲ ಬಸ್ಸು ಹಿಡಿದು ಇಲ್ಲಿಗೆ ಬಂದಿದ್ದಾರೆ.

ಇವರೆಲ್ಲರ ಬಾಯಲ್ಲಿ ಆ ಹೆಂಗಸು ಮೆಟ್ಟಿಲಕ್ಕ.

ಆಸ್ಪತ್ರೆಯ ಮುಂಬಾಗಿಲ ದೊಡ್ಡ ಫಲಕದಲ್ಲಿ ಮೆಟ್ಟಿಲಕ್ಕನ ಹೆಸರಿಲ್ಲ. ಪುನರ್ವಸತಿ ವಿಭಾಗದ ಮುಖ್ಯಸ್ಥೆಯ ಕುರ್ಚಿ ಎರಡು ಸಲ ಅವರ ಹತ್ತಿರ ಬಂದು ಬೇರೆಯವರ ಪಾಲಾಯಿತು. ಅದನ್ನು ಕೇಳಿದರೆ, "ಕುರ್ಚಿಲಿ ಕೂತ್ರೆ ರೋಗಿಗೆ ನಿಲ್ಲೋದು ಕಲಿಸೋದು ಹೇಗೆ?" ಎಂದು ನಕ್ಕುಬಿಡುತ್ತಾರೆ. ಆ ನಗೆಯನ್ನು ಅವರ ಗಂಡ ಪೂರ್ತಿ ನಂಬುವುದಿಲ್ಲ. ಅವರು ಅಚ್ಚುಕೂಟದಲ್ಲಿ ಮೆಷಿನ್ ನಡೆಸುವವರು. ಹೆಂಡತಿಯನ್ನು ದಿನಾ ಸ್ಕೂಟರಿನಲ್ಲಿ ತಂದು ಬಿಡುವುದು ಅವರೇ. "ಎರಡನೇ ಸಲ ಕೈತಪ್ಪಿದಾಗ ಮನೆಗೆ ಬಂದು ಪಾತ್ರೆಯೆಲ್ಲ ತಾನೇ ತೊಳೆದಳು, ತೊಳೆದಿದ್ದನ್ನೇ ಮತ್ತೆ ತೊಳೆದಳು. ನಾನು ಮಾತಾಡಿಸೋಕೆ ಹೋಗ್ಲಿಲ್ಲ," ಎನ್ನುತ್ತಾರೆ. ಆಮೇಲೆ ಮಾತು ಹಗುರ ಮಾಡುತ್ತಾರೆ: "ಊರವರ ಬೆನ್ನುನೋವಿಗೆಲ್ಲ ಇವಳು ಬೇಕು. ನನಗೆ ಬೆನ್ನು ಹಿಡಿದ್ರೆ, ಸರದಿಲಿ ಬನ್ನಿ ಅಂತಾಳೆ."

ಕಂಡಕ್ಟರನ್ನು ವಾರ್ಡಿಗೆ ಕಳಿಸಿದ ಮೇಲೆ ಮೆಟ್ಟಿಲಕ್ಕ ಚಹಾದ ಫ್ಲಾಸ್ಕ್ ತೆಗೆಯುತ್ತಾರೆ. ಬಳಗ ಶುರುವಾಗುತ್ತದೆ. ಕೃತಕ ಕಾಲಿನ ಕೇಂದ್ರದವನಿಗೆ ಒಂದು ತೊಡಕು ಬಂದಿದೆ. ಹೊಸ ಕಾಲು ಅಳತೆಗೆ ಸರಿಯಾಗಿದೆ, ಆದರೆ ರೋಗಿ ಅದನ್ನು ಹಾಕಿಕೊಳ್ಳುವುದೇ ಇಲ್ಲ, ಮಂಚದ ಕೆಳಗೆ ತಳ್ಳಿಟ್ಟಿದ್ದಾನೆ. ಮೆಟ್ಟಿಲಕ್ಕ ಉತ್ತರ ಹೇಳುವುದಿಲ್ಲ. ಆಕ್ಯುಪೇಷನಲ್ ಥೆರಪಿಸ್ಟ್ ಕಡೆ ತಿರುಗಿ, "ನೀನೇನಂತೀಯಮ್ಮ?" ಎನ್ನುತ್ತಾರೆ. ಅವಳು ಸಂಕೋಚದಿಂದಲೇ, "ಅವರು ಮನೇಲಿ ನೆಲದ ಮೇಲೆ ಕೂತು ಕೆಲಸ ಮಾಡೋರಾ? ಕಾಲು ಹಾಕ್ಕೊಂಡ್ರೆ ಕೂರೋಕೇ ಆಗಲ್ವೇನೋ," ಎನ್ನುತ್ತಾಳೆ. ಹುಡುಗ ಹಣೆ ಚಚ್ಚಿಕೊಳ್ಳುತ್ತಾನೆ. ರೋಗಿ ಚಪ್ಪಲಿ ಹೊಲಿಯುವವನು. ನೆಲದ ಮೇಲೆ ಕೂತೇ ಬದುಕು ಕಟ್ಟಿಕೊಂಡವನು. ಇಬ್ಬರೂ ಭಾನುವಾರ ಒಟ್ಟಿಗೆ ಅವನ ಮನೆಗೆ ಹೋಗಿಬರುವುದೆಂದು ಅಲ್ಲೇ ಗೊತ್ತಾಗುತ್ತದೆ. ಈ ಇಬ್ಬರು ಕೆಲಸ ಮಾಡುವ ಕಟ್ಟಡಗಳು ಒಂದೇ ಬೀದಿಯಲ್ಲಿವೆ. ಇಲ್ಲಿ ಭೇಟಿಯಾಗುವ ತನಕ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ.

ಈ ಕಸುಬಿನ ಕಷ್ಟವೇ ಅದು. ಕಾಲೇಜಿನಿಂದ ಗುಂಪಾಗಿ ಹೊರಬಿದ್ದವರು ಕೆಲಸಕ್ಕೆ ಸೇರುವಾಗ ಒಬ್ಬೊಬ್ಬರಾಗುತ್ತಾರೆ. ಒಂದು ಆಸ್ಪತ್ರೆಗೆ ಒಬ್ಬ, ಒಂದು ಶಾಲೆಗೆ ಒಬ್ಬಳು. ತಪ್ಪೋ ಸರಿಯೋ ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಮೆಟ್ಟಿಲಕ್ಕನಿಗೆ ಇದು ಗೊತ್ತಾದದ್ದು ಪುಸ್ತಕದಿಂದಲ್ಲ.

ಅವರ ಮೊದಲ ಕೆಲಸ ಒಂದು ಚಿಕ್ಕ ಆಸ್ಪತ್ರೆಯಲ್ಲಿ. ಇಡೀ ಆಸ್ಪತ್ರೆಗೆ ಅವರೊಬ್ಬರೇ ಫಿಸಿಯೋಥೆರಪಿಸ್ಟ್. ಹಳೆಯ ಹಾಸಿಗೆಗಳನ್ನು ಪೇರಿಸಿಟ್ಟಿದ್ದ ಉಗ್ರಾಣದ ಒಂದು ಮೂಲೆಯೇ ಅವರ ವಿಭಾಗ. ನರ್ಸುಗಳು "ಮಾಲೀಶು ಮೇಡಂ" ಎಂದು ಕರೆಯುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಅವರಿಗೆ ಬೇರೆ ಹೆಸರು ಗೊತ್ತಿರಲಿಲ್ಲ. ಅಲ್ಲಿಗೆ ಹುಟ್ಟಿನಿಂದಲೇ ಕೈಕಾಲು ಬಿಗಿದುಕೊಂಡ ಒಂದು ಮಗು ಬಂತು. ತಾಯಿ ದಿನಾ ಎತ್ತಿಕೊಂಡು ಬರುತ್ತಿದ್ದಳು. ಓದಿದ್ದೆಲ್ಲ ಮಾಡಿ ನೋಡಿದರೂ ಮುಟ್ಟಿದರೆ ಸಾಕು ಮಗು ಇನ್ನಷ್ಟು ಬಿಗಿಯುತ್ತಿತ್ತು, ಅಳುತ್ತಿತ್ತು.

"ಯಾರನ್ನ ಕೇಳೋದು? ಕೊನೆಗೆ ದೊಡ್ಡ ಆಸ್ಪತ್ರೆಲಿ ಒಬ್ರು ಹಿರಿಯರಿದ್ದಾರೆ ಅಂತ ಕಿವಿಗೆ ಬಿದ್ದಿತ್ತು, ರಜೆ ಹಾಕಿ ಬಸ್ಸು ಹತ್ತಿದೆ. ಪರಿಚಯ ಇಲ್ಲ, ಗುರುತಿಲ್ಲ. ಸಂಜೆವರೆಗೆ ಅವರ ಬಾಗಿಲ ಮುಂದೆ ಬೆಂಚಿನ ಮೇಲೆ ಕೂತಿದ್ದೆ. ಎರಡು ಸಲ ಎದ್ದು ಹೋಗೋಣ ಅನ್ನಿಸ್ತು," ಎನ್ನುತ್ತಾರೆ ಮೆಟ್ಟಿಲಕ್ಕ.

ಹಿರಿಯರು ಕೊನೆಗೆ ಹೊರಬಂದರು. ಪ್ರಶ್ನೆ ಕೇಳಿಸಿಕೊಂಡರು. ಒಂದು ದಿಂಬು ತಂದುಕೊಟ್ಟು, "ಮಗೂನ ಹೇಗೆ ಹಿಡೀತೀಯ, ತೋರಿಸು," ಎಂದರು. ಆಗಿನ ಆ ಹೊಸ ಹುಡುಗಿ ತೋರಿಸಿದಳು. "ನೀನು ಹೆದರಿಕೊಂಡು ಹಿಡೀತಿದ್ದೀಯಮ್ಮ, ಅದಕ್ಕೇ ಅದೂ ಹೆದರುತ್ತೆ," ಎಂದು ಅವರು ಅವಳ ಮೊಣಕೈ ಸರಿಸಿದರು, ಬೆರಳು ಬಿಡಿಸಿದರು. ಆಮೇಲೆ ಮಕ್ಕಳ ವಿಭಾಗಕ್ಕೆ ಕರೆದುಕೊಂಡು ಹೋಗಿ ಅಲ್ಲಿದ್ದವರಿಗೆಲ್ಲ, "ಇವಳು ನಮ್ಮೋಳು, ಏನಾದ್ರೂ ಕೇಳಿಕೊಂಡು ಬಂದ್ರೆ ಇಲ್ಲ ಅನ್ಬೇಡಿ," ಎಂದರು. ಆ ಮಗು ಮುಂದೆ ನಡೆಯಲಿಲ್ಲ. ಆದರೆ ಕೂತು ತನ್ನ ಊಟ ತಾನು ಮಾಡುವಂತಾಯಿತು.

ಅದೇ ವರ್ಷ, ಓದುವಾಗ ಹಾಸ್ಟೆಲಿನಲ್ಲಿ ಅವರ ಕೋಣೆಯ ಗೆಳತಿಯಾಗಿದ್ದವಳು ಇನ್ನೊಂದು ದೂರದ ಆಸ್ಪತ್ರೆಗೆ ಸೇರಿದ್ದಳು. ಅವಳೂ ಅಲ್ಲಿ ಒಂಟಿ. "ಅವಳ ಕೈ ನಮ್ಮೆಲ್ಲರಿಗಿಂತ ಚೆನ್ನಾಗಿತ್ತು. ಮುಟ್ಟಿದ್ರೆ ರೋಗಿ ಉಸಿರು ಬಿಡ್ತಿದ್ದ. ಮೇಷ್ಟ್ರುಗಳೇ ನಿಂತು ನೋಡ್ತಿದ್ರು," ಎಂದು ನೆನೆಯುತ್ತಾರೆ ಮೆಟ್ಟಿಲಕ್ಕ. ಎರಡನೇ ವರ್ಷ ಅವಳು ಕೆಲಸ ಬಿಟ್ಟಳು. ಯಾಕೆ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಅವರವರ ಪಾಡಿನಲ್ಲಿದ್ದರು.

ಎಷ್ಟೋ ವರ್ಷದ ಮೇಲೆ ಒಂದು ಬಟ್ಟೆ ಅಂಗಡಿಯಲ್ಲಿ ಮೆಟ್ಟಿಲಕ್ಕನಿಗೆ ಅವಳು ಸಿಕ್ಕಳು. ಗಲ್ಲಾಪೆಟ್ಟಿಗೆಯ ಪಕ್ಕ ನಿಂತು ಸೀರೆ ಮಡಚುತ್ತಿದ್ದಳು. ಇಬ್ಬರೂ ಕೈ ಹಿಡಿದುಕೊಂಡು ಮಕ್ಕಳು, ಮನೆ, ಬೆಲೆ ಏರಿದ್ದು ಎಂದೆಲ್ಲ ಮಾತಾಡಿದರು. ಅಷ್ಟರಲ್ಲಿ ಒಬ್ಬ ಗಿರಾಕಿ ಒಳಗೆ ಬಂದ. ಗೆಳತಿಯ ಕಣ್ಣು ಅವನ ನಡಿಗೆಯ ಮೇಲೆ ಹೋಯಿತು. ಸೀರೆ ಮಡಚುವುದು ನಿಂತಿತು. "ಎಡಗಡೆ ಸೊಂಟ ಅಲ್ವೇನೇ?" ಎಂದಳು, ಮೆಲ್ಲಗೆ. ಮತ್ತೆ ಮಡಚತೊಡಗಿದಳು.

"ಅಂಗಡಿಯಿಂದ ಹೊರಗೆ ಬಂದವಳಿಗೆ ಬಸ್ ಸ್ಟಾಪ್ ಎಲ್ಲಿದೆ ಅಂತಲೇ ಮರೆತುಹೋಗಿತ್ತು. ನಾನೂ ಅವಳೂ ಒಂದೇ ಓದು, ಒಂದೇ ಕೋಣೆ. ನನಗೆ ಕೇಳೋಕೆ ಒಬ್ರು ಸಿಕ್ಕಿದ್ರು, ಅವಳಿಗೆ ಸಿಗಲಿಲ್ಲ. ವ್ಯತ್ಯಾಸ ಅಷ್ಟೇ," ಎನ್ನುವಾಗ ಮೆಟ್ಟಿಲಕ್ಕ ಫ್ಲಾಸ್ಕಿನ ಮುಚ್ಚಳವನ್ನು ತಿರುಗಿಸುತ್ತ ಕೂತಿದ್ದಾರೆ.

ಬಳಗ ಆರಂಭವಾದದ್ದು ಆ ಭೇಟಿಯ ನಂತರ. ಅಷ್ಟರಲ್ಲಿ ಅವರು ಈ ಆಸ್ಪತ್ರೆಗೆ ಬಂದಾಗಿತ್ತು. ಮೊದಲು ಬಂದವರು ಇಬ್ಬರೇ. ವಿಭಾಗದ ಕೋಣೆಯ ಬೀಗದ ಕೈ ಮುಖ್ಯಸ್ಥರ ಬಳಿ ಇರುತ್ತಿತ್ತು. ಹಿಂಬದಿಯ ಮೆಟ್ಟಿಲಿಗೆ ಬೀಗವಿರಲಿಲ್ಲ. ರೋಗಿಗಳಿಗೆ ಹತ್ತಿಳಿಯುವುದನ್ನು ಅಲ್ಲೇ ಕಲಿಸುತ್ತಿದ್ದುದರಿಂದ ಆ ಜಾಗ ಹೇಗೂ ಅವರದ್ದಾಗಿತ್ತು. ಬಾಯಿಂದ ಬಾಯಿಗೆ ಸುದ್ದಿ ಹರಡಿತು, ಜನ ಕೂಡಿದರು. ಜನ ಕೂಡಿದ ಮೇಲೆ ಮಾತು ಬಂತು. ಮೆಟ್ಟಿಲಕ್ಕ ವಶೀಲಿ ನಡೆಸುತ್ತಾರೆ, ತಮ್ಮವರನ್ನು ಅಲ್ಲಿ ಇಲ್ಲಿ ತುರುಕುತ್ತಾರೆ ಎಂದು ಕೆಲವರು ಆಡಿಕೊಂಡರು. ಕೊನೆಗೊಂದು ಮುಂಜಾನೆ ಆಸ್ಪತ್ರೆಯ ಅಧೀಕ್ಷಕರೇ ಬಂದು ನಿಂತರು.

"ಇದೇನು, ಯೂನಿಯನ್ನಾ?"

"ಅಲ್ಲ ಸಾರ್. ಗೊತ್ತಿಲ್ಲದ್ದನ್ನ ಕೇಳೋ ಜಾಗ."

ಅಧೀಕ್ಷಕರು ಅರ್ಧ ಗಂಟೆ ನಿಂತು ನೋಡಿದರು. ಹೊರಗಿನವರು ರೋಗಿಯನ್ನು ಮುಟ್ಟಬಾರದು, ರೋಗಿ ಒಪ್ಪಿದರೆ ಮಾತ್ರ ನೋಡಬಹುದು ಎಂದು ಹೇಳಿ ಹೋದರು. "ಅವರು ಹೇಳಿದ್ದು ನ್ಯಾಯವಾಗೇ ಇತ್ತು," ಎನ್ನುತ್ತಾರೆ ಮೆಟ್ಟಿಲಕ್ಕ. ಇವತ್ತಿಗೂ ಆ ಕಟ್ಟಳೆ ತಪ್ಪಿಲ್ಲ. ಆದರೆ ವಶೀಲಿಯ ಮಾತು ಮಾತ್ರ ಅವರನ್ನು ಈಗಲೂ ಚುಚ್ಚುತ್ತದೆ. "ವಶೀಲಿ ಅಂದ್ರೆ ಯೋಗ್ಯತೆ ಇಲ್ದೋರಿಗೆ ಬಾಗಿಲು ತೆಗೆಸೋದು. ಪರಿಚಯ ಅಂದ್ರೆ ಯೋಗ್ಯತೆ ಇರೋರಿಗೆ ಬಾಗಿಲು ಎಲ್ಲಿದೆ ಅಂತ ತೋರಿಸೋದು. ತಟ್ಟೋದು ಅವರೇ ತಟ್ಟಬೇಕಪ್ಪ."

ತಟ್ಟುವುದನ್ನೂ ಅವರು ಕಲಿಸುತ್ತಾರೆ. ಡಾಕ್ಟರು ರೌಂಡ್ಸಿಗೆ ಬಂದಾಗ ರೋಗಿಯ ಸ್ಥಿತಿಯನ್ನು ಎರಡು ವಾಕ್ಯದಲ್ಲಿ ಹೇಳುವುದು. ಸಮ್ಮೇಳನಕ್ಕೆ ಹೋದರೆ ಊಟದ ಸಾಲಿನಲ್ಲಿ ಗೋಡೆ ನೋಡಿಕೊಂಡು ನಿಲ್ಲದೆ ಪಕ್ಕದವರ ಕೆಲಸದ ಬಗ್ಗೆ ಕೇಳುವುದು. "ಹಿರಿಯರ ಹತ್ರ ಮೊದಲ ದಿನವೇ ಕೆಲಸ ಕೇಳ್ಬೇಡಿ, ಸಂದೇಹ ಕೇಳಿ. ಕೆಲಸ ಕೇಳಿದ್ರೆ ಮುಖ ತಿರುಗಿಸ್ತಾರೆ, ಸಂದೇಹ ಕೇಳಿದ್ರೆ ಕುರ್ಚಿ ಎಳೀತಾರೆ," ಎನ್ನುವುದು ಅವರ ಪಾಠ. ಎಲ್ಲರೂ ಉಳಿಯುವುದಿಲ್ಲ. ಕಳೆದ ವರ್ಷ ಚುರುಕಾದ ಹುಡುಗನೊಬ್ಬ ಬ್ಯಾಂಕಿನ ಕೆಲಸ ಹಿಡಿದ. ಮೆಟ್ಟಿಲಕ್ಕ ಅವನನ್ನು ಹರಸಿ ಕಳಿಸಿದರು. ಮರುದಿನವೂ ಮರೆತು ಅವನ ಪಾಲಿನ ಚಹಾ ಸುರಿದರು ಎಂದು ಬಳಗದವರು ಹೇಳುತ್ತಾರೆ.

ಉಳಿದವರಲ್ಲಿ ಒಬ್ಬಳು ಗುಬ್ಬಿ. ಸಣಕಲು ದೇಹಕ್ಕೆ ಬಿದ್ದ ಹೆಸರು. ಓದು ಮುಗಿಸಿ ಖಾಸಗಿ ಕ್ಲಿನಿಕ್ಕೊಂದಕ್ಕೆ ಸೇರಿದ್ದಳು. ಒಬ್ಬ ರೋಗಿಗೆ ಯಂತ್ರ ಹಚ್ಚಿ ಇನ್ನೊಬ್ಬರ ಬಳಿಗೆ ಓಡುವುದು, ಅಲ್ಲಿಂದ ಮತ್ತೊಬ್ಬರ ಬಳಿಗೆ. ಹಾಗೆ ಓಡುತ್ತಿದ್ದ ಒಂದು ಮಧ್ಯಾಹ್ನ, ಪರದೆಯಾಚೆ ಮಲಗಿದ್ದ ವೃದ್ಧೆ ತಾನೇ ಎದ್ದು ಇಳಿಯಲು ಹೋಗಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಮಾಲೀಕ ಎಲ್ಲರೆದುರು ಗುಬ್ಬಿಯನ್ನು ಬೈದ. ಅವಳು ಅವತ್ತೇ ಕೋಟು ಕಳಚಿಟ್ಟು ಬಂದಳು. ಮನೆಯಲ್ಲಿ ಅಪ್ಪ ವಿಮಾ ಕಚೇರಿಯ ಕೆಲಸಕ್ಕೆ ಮಾತಾಡಿಟ್ಟರು.

ಗೆಳತಿಯೊಬ್ಬಳು ಬಲವಂತ ಮಾಡಿ ಅವಳನ್ನು ಮೆಟ್ಟಿಲಿಗೆ ಕರೆತಂದಳು. ವಾರಗಟ್ಟಲೆ ಗುಬ್ಬಿ ತುಟಿ ಬಿಚ್ಚಲಿಲ್ಲ. ಮೆಟ್ಟಿಲಕ್ಕ ಕೆದಕಲಿಲ್ಲ, ಚಹಾ ಕೊಟ್ಟರು, ಅಷ್ಟೇ. ಒಂದು ದಿನ ಎಲ್ಲರೂ ಹೋದ ಮೇಲೆ ಗುಬ್ಬಿ ಬಿದ್ದ ಅಜ್ಜಿಯ ವಿಷಯ ತಾನಾಗಿ ಹೇಳಿಕೊಂಡಳು.

"ಆಗ ನಿನ್ನ ಪಕ್ಕದಲ್ಲಿ ಯಾರಿದ್ರು?" ಮೆಟ್ಟಿಲಕ್ಕ ಕೇಳಿದರು.

"ಯಾರೂ ಇರಲಿಲ್ಲ ಅಕ್ಕ."

"ಹಾಗಾದ್ರೆ ಅವತ್ತು ಬಿದ್ದದ್ದು ಒಬ್ರಲ್ಲ ಕಣೇ, ಇಬ್ರು. ಒಬ್ರನ್ನ ಯಾರೋ ಎತ್ತಿದ್ರು."

ಗುಬ್ಬಿ ಅತ್ತುಬಿಟ್ಟಳು. ಮುಂದಿನ ರಜೆಯ ದಿನ ಮೆಟ್ಟಿಲಕ್ಕ ಅವಳನ್ನು ಬೆನ್ನುಹುರಿಗೆ ಪೆಟ್ಟಾದವರ ಕೇಂದ್ರಕ್ಕೆ ತಾವೇ ಕರೆದುಕೊಂಡು ಹೋದರು. ಅಲ್ಲಿನ ಹಿರಿಯರಿಗೆ, "ಕೆಲಸ ಕೊಡಿ ಅನ್ನಲ್ಲ. ಸ್ವಲ್ಪ ದಿನ ನಿಮ್ಮ ಪಕ್ಕ ನಿಲ್ಲೋಕೆ ಬಿಡಿ. ಇವಳನ್ನ ಯಾರೂ ಓಡಿಸಬಾರದು, ಅಷ್ಟೇ," ಎಂದರು. ಆ ಸ್ವಲ್ಪ ದಿನ ಬೆಳೆದು ಗುಬ್ಬಿ ಅಲ್ಲೇ ನೌಕರಿಗೆ ನಿಂತಳು. ಒಬ್ಬ ರೋಗಿಗೆ ಒಂದಿಡೀ ಗಂಟೆ ಕೊಡುವ ಜಾಗ ಅದು.

ಕಳೆದ ವರ್ಷ ಇದೇ ಮೆಟ್ಟಿಲ ಮೇಲೆ, ಹತ್ತುವುದು ಕಲಿಯುತ್ತಿದ್ದ ಭಾರೀ ಗಾತ್ರದ ರೋಗಿಯೊಬ್ಬ ತಲೆಸುತ್ತಿ ವಾಲಿದ. ಮೆಟ್ಟಿಲಕ್ಕ ಬಲಭುಜ ಒಡ್ಡಿ ತಡೆದರು. ರೋಗಿಗೆ ಏನೂ ಆಗಲಿಲ್ಲ. ಮೆಟ್ಟಿಲಕ್ಕನ ಭುಜದೊಳಗೆ ಹಳೆ ಬಟ್ಟೆ ಹರಿದಂತಾಯಿತು. ವರ್ಷಾನುಗಟ್ಟಲೆ ಮಂದಿಯನ್ನು ಎತ್ತಿ, ಆತು ಹಿಡಿದು, ತಿರುಗಿಸಿ ಸವೆದಿದ್ದ ಸ್ನಾಯುವಿನ ಹುರಿ ಅದು. ಶಸ್ತ್ರಚಿಕಿತ್ಸೆಯಾಯಿತು, ಕೈ ಕೊರಳಿಗೆ ಕಟ್ಟಿದ ಜೋಳಿಗೆ ಸೇರಿತು. ಇನ್ನು ಮೇಲೆ ಭಾರ ಎತ್ತುವಂತಿಲ್ಲ ಎಂದರು ಡಾಕ್ಟರು.

ಮನೆಗೆ ಬಂದು ವ್ಯಾಯಾಮ ಮಾಡಿಸಲು ನಿಂತವಳು ಗುಬ್ಬಿ. ಡ್ಯೂಟಿ ಮುಗಿಸಿ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಮೆಟ್ಟಿಲಕ್ಕನಂಥ ರೋಗಿ ಶತ್ರುವಿಗೂ ಬೇಡ ಎಂದು ಅವಳು ಈಗ ನಗುತ್ತಾಳೆ. "ನನಗೆ ಗೊತ್ತು ಬಿಡೆ, ನಾನೇ ಮಾಡ್ಕೋತೀನಿ," ಎನ್ನುವುದು, ಮಾಡದಿರುವುದು. ಬೇಡವೆಂದದ್ದನ್ನು ಕದ್ದು ಮಾಡುವುದು. ಗಂಡ ಚಾಡಿ ಹೇಳುತ್ತಿದ್ದರು: "ನೋಡಮ್ಮ, ಬೆಳಿಗ್ಗೆ ಬಕೆಟ್ ಎತ್ತಿದ್ದಾಳೆ."

"ಅಕ್ಕ, ನಿಮ್ಮ ರೋಗಿ ಹೀಗೆ ಮಾಡಿದ್ರೆ ಏನಂತಿದ್ರಿ?"

"ಬೈತಿದ್ದೆ."

"ನನಗೆ ಬೈಯೋಕೆ ಬರಲ್ಲ. ಬಕೆಟ್ ಕೆಳಗಿಡಿ."

ಮೂರನೇ ತಿಂಗಳಲ್ಲೊಂದು ಸಂಜೆ, ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ಹತ್ತಿಸುವ ವ್ಯಾಯಾಮ ನಡೆದಿತ್ತು. ಕೈ ಹೆಗಲ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಅದಕ್ಕಿಂತ ಮೇಲೆ ಒಂದು ಬೆರಳು ಹೋಗಲೊಲ್ಲದು. ಮೆಟ್ಟಿಲಕ್ಕ ಗೋಡೆಗೆ ಹಣೆಯಿಟ್ಟು, "ಈ ಕೈಯೇ ಏಳದಿದ್ರೆ ನಾನ್ಯಾರೇ?" ಎಂದರು. ಮದುವೆಯಾದಾಗಿನಿಂದ ಹೆಂಡತಿಯ ಆ ದನಿ ಕೇಳಿರದ ಗಂಡ ಅಡುಗೆಮನೆಗೆ ಹೋಗಿ ನಿಂತರು. ಗುಬ್ಬಿ ಅವರ ಪಕ್ಕ ಅದೇ ಗೋಡೆಗೆ ಒರಗಿ ನಿಂತಳು. "ಇವತ್ತಿಗೆ ಸಾಕಾ, ಇನ್ನೊಂದು ಸಲ ನೋಡೋಣವಾ?" ಎಂದಳು. ಮೆಟ್ಟಿಲಕ್ಕ ಕಣ್ಣೊರೆಸಿಕೊಂಡು, ಎಡಗೈಯಿಂದ ಬಲಗೈಯನ್ನು ಎತ್ತಿ ಮತ್ತೆ ಗೋಡೆಗೆ ಇಟ್ಟರು.

ಕೈ ಈಗ ಕಿವಿಯ ತನಕ ಏಳುತ್ತದೆ. ಜಡೆ ಹಾಕಿಕೊಳ್ಳಬಹುದು. ರೋಗಿಯನ್ನು ಆತು ಹಿಡಿಯುವಂತಿಲ್ಲ. ಹೊಸಬರ ಕೆಲಸ ನೋಡಿಕೊಳ್ಳಲು ಆಸ್ಪತ್ರೆ ಅವರನ್ನು ಉಳಿಸಿಕೊಂಡಿದೆ. ಕೈ ಕಟ್ಟಿಕೊಂಡು ನಿಲ್ಲುವುದು ಎಲ್ಲಕ್ಕಿಂತ ಕಷ್ಟದ ವಿದ್ಯೆ, ಇನ್ನೂ ಕಲಿಯುತ್ತಿದ್ದೇನೆ ಎನ್ನುತ್ತಾರೆ. ಅವರಿಗೊಂದೇ ಆಸೆ. ಚಿಕ್ಕ ಆಸ್ಪತ್ರೆಗಳಿಗೆ ಹೊಸಬರನ್ನು ಕಳಿಸುವಾಗ ಒಬ್ಬೊಬ್ಬರನ್ನಾಗಿ ಕಳಿಸದೆ, ಕೇಳಲು ಒಬ್ಬ ಹಿರಿಯರನ್ನು ಗೊತ್ತು ಮಾಡಿಕೊಟ್ಟು ಕಳಿಸಬೇಕು. ಅದನ್ನು ಮೇಲಿನವರಿಗೆ ಹೇಳುತ್ತಲೇ ಬಂದಿದ್ದಾರೆ. ಉತ್ತರ ಬಂದಿಲ್ಲ.

ಮನೆಯಲ್ಲಿ ಕೂತಿದ್ದಷ್ಟು ದಿನ ಅವರನ್ನು ಕಾಡಿದ ಯೋಚನೆ ಬಳಗದ್ದು. ತಾನಿಲ್ಲದೆ ಚದುರಿಹೋಗಿರುತ್ತದೆ ಎಂದುಕೊಂಡಿದ್ದರು. ಫೋನು ಮಾಡಿ ಕೇಳಲು ಧೈರ್ಯ ಸಾಲಲಿಲ್ಲ. ಅಕ್ಕನಿಗೆ ಕೆಲಸದ ಚಿಂತೆ ಬೇಡವೆಂದು ಗುಬ್ಬಿಯೂ ಆ ಮಾತು ಎತ್ತಲಿಲ್ಲ. ಕೆಲಸಕ್ಕೆ ಮರಳಿದ ಮೊದಲ ದಿನ, ಮೆಟ್ಟಿಲು ಗುಡಿಸಿಯಾದರೂ ಇಡೋಣವೆಂದು ಗಂಡನನ್ನು ಬೇಗ ಎಬ್ಬಿಸಿ ಹೊರಟರು. ಕೋಟು ಇನ್ನೂ ಚೀಲದಲ್ಲೇ ಇತ್ತು.

ಬಟ್ಟೆ ಒಗೆಯುವ ಕೋಣೆ ದಾಟಿ ತಿರುಗಿದರೆ ಮೆಟ್ಟಿಲ ತುಂಬ ಜನ. ಯಾರದೋ ಫ್ಲಾಸ್ಕು, ಯಾರದೋ ಲೋಟಗಳು. ಮಕ್ಕಳ ಉಗ್ಗಿನ ಬಗ್ಗೆ ಗಟ್ಟಿಯಾಗಿ ಚರ್ಚೆ ನಡೆದಿತ್ತು. ಹಳಬರು ಮೇಲಿನ ಮೆಟ್ಟಿಲಲ್ಲಿ ಬೆನ್ನು ತಿರುಗಿಸಿ ಕೂತಿದ್ದರು, ಇವರನ್ನು ನೋಡಲಿಲ್ಲ. ಕೆಳಗಿನ ಮೆಟ್ಟಿಲಲ್ಲಿದ್ದ, ಅವರೆಂದೂ ಕಂಡಿರದ ಒಬ್ಬ ಹುಡುಗಿ ತಲೆಯೆತ್ತಿದಳು. ಚೀಲ ಹಿಡಿದು ನಿಂತ ಹೆಂಗಸನ್ನು ನೋಡಿ ಪಕ್ಕಕ್ಕೆ ಜರುಗಿದಳು.

"ಬನ್ನಿ ಮೇಡಂ, ಹೊಸಬರಾ? ಸಂಕೋಚ ಮಾಡ್ಕೋಬೇಡಿ, ಕೂತ್ಕೊಳ್ಳಿ. ಇಲ್ಲಿ ಏನು ಬೇಕಾದ್ರೂ ಕೇಳಬಹುದು."

ಇಷ್ಟನ್ನು ಹೇಳಿ ಮೆಟ್ಟಿಲಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಕಣ್ಣಂಚಿನಲ್ಲಿ ನೀರಿದೆ. ನೀವೇನಂದಿರಿ ಎಂದರೆ, ಮುಖ ಒರೆಸಿಕೊಂಡು ಗಂಭೀರವಾಗುತ್ತಾರೆ.

"ಹೂಂ, ಹೊಸಬಳೇ ಕಣಮ್ಮ ಅಂದೆ. ಕೂತ್ಕೊಂಡೆ. ಒಂದು ಭುಜದ ಕೇಸಿದೆ, ಕೇಳಲಾ ಅಂದೆ."